ಕಂಪ್ರೆಷನ್ ಏರಿಸಿದ ಜಿಪ್ಸಿಗೆ ಯಾವ ಸ್ಪಾರ್ಕ್ ಪ್ಲಗ್?

ಹೆಡ್ ಫೇಸಿಂಗ್ ಮಾಡಿಸಿ (ಎಂಜಿನ್ ಹೆಡ್ಡಿನ ತಳವನ್ನು ತುಸು ಅರೆಸಿ) ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಅಮುಕುವ ಅನುಪಾತ, 10.5ಕ್ಕೆ ಏರಿಸಿದ ಮೇಲೆ, ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ನಾಕಿಂಗ್ (ಪೆಟ್ರೋಲ್ ತಪ್ಪಾಗಿ ಉರಿದು ಬರುವ ಟಕಟಕ ಸದ್ದು) ಕೇಳಿಸುತ್ತಿದೆ, ಈಗಿನ ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಪ್ಲಗ್ ತೆಗೆದು ಇರಿಡಿಯಂ ತುದಿಯ ಪ್ಲಗ್ ಹಾಕಿದರೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಿಲ್ಲುವುದಿಲ್ಲ.

ಇರಿಡಿಯಂನಿಂದ ಸಿಗುವುದು ಬಾಳಿಕೆ. ತುದಿ ಸಣ್ಣದಾದ್ದರಿಂದ ಕಡಿಮೆ ವೋಲ್ಟೇಜಿಗೂ ಕಿಡಿ ಹಾರುತ್ತದೆ. ಪ್ಲಗ್ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ತಿಳಿಸುವುದು ಹೀಟ್ ರೇಂಜ್ ಅಂಕಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ತಿರುಗುಮುರುಗು. ಇಲ್ಲಿ ಅಂಗಡಿಯವರೇ ಎಡವುತ್ತಾರೆ. ನಿಮಗೆ ಒಂದು ಅಂಕಿ ತಂಪಾದ ಬಿಪಿಆರ್7ಇಎಸ್ ಸಾಕು. ಗೆಳೆಯರು ಹೇಳಿದರೆಂದು 8ಕ್ಕೆ ಹಾರಬೇಡಿ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಚಿಕ್ಕಮಗಳೂರು ಪೇಟೆಯ ನಿಧಾನದ ಓಡಾಟಕ್ಕೆ 8 ಮಸಿ ಹಿಡಿದು ಮಿಸ್ ಹೊಡೆಯುವ ಸಾಧ್ಯತೆಯೇ ಹೆಚ್ಚು. 800 ದಾಟಿದರೆ ಅದು ಬೇರೆ ಅಪಾಯ: ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ.

ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಆದ್ದರಿಂದ ಕಿಡಿ ಹಾರುವ ಗ್ಯಾಪ್ 0.8 ಇದ್ದರೆ 0.7 ಮಿಲಿಮೀಟರಿಗೆ ಇಳಿಸಿ, ಫೀಲರ್ ಗೇಜಿನಿಂದಲೇ (ತೆಳು ಪಟ್ಟಿಗಳ ಅಳತೆ ಸಾಧನ) ಅಳೆಯಿರಿ. ಕಣ್ಣಳತೆ ಬೇಡ.

ನಾಕಿಂಗ್‌ಗೆ ಮದ್ದು ಬೇರೆ. ಮೊದಲು 91 ಆಕ್ಟೇನ್ (ಪೆಟ್ರೋಲ್ ನಾಕಿಂಗ್ ತಡೆಯುವ ಗುಣದ ಅಂಕಿ) ಬಿಟ್ಟು 95ರ ಪೆಟ್ರೋಲ್ ಹಾಕಿಸಿ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಿ ನೋಡಿ. ಆಮೇಲೆ ಘಾಟಿಯನ್ನು ಭಾರದಲ್ಲಿ ಹತ್ತಿಸಿ, ಐಡಲ್‌ನಲ್ಲಿ ಬಿಡದೆ ಆಫ್ ಮಾಡಿ, ಹೆಡ್ ತಣಿದ ಮೇಲೆ ಪ್ಲಗ್ ಬಿಚ್ಚಿ. ಪಿಂಗಾಣಿ ತಿಳಿಗಂದಾಗಿದ್ದರೆ ನಿಶ್ಚಿಂತೆ. ಬೆಳ್ಳಗಾಗಿ, ಮೇಲೆ ಅಲ್ಯೂಮಿನಿಯಂ ಚುಕ್ಕೆಗಳು ಕಂಡರೆ ಅದು ಪಿಸ್ಟನ್‌ನ ಲೋಹ. ಟೈಮಿಂಗ್ ಸರಿಪಡಿಸುವವರೆಗೆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ.