ಅರ್ಧ ಓದಿದ ಪುಸ್ತಕಕ್ಕೆ ತೀರ್ಪು ಬೇಡ, ಚೀಟಿ ಇಡಿ

ಸರ್, ನೀವು ಓದುತ್ತಿರುವ ಕಾದಂಬರಿಯ ಬಗ್ಗೆ ಇಲ್ಲಿ ಹಾಕಿದ ಬರಹ ಪೂರ್ತಿ ಓದಿದೆ. 520 ಪುಟದ ಕಾದಂಬರಿಯಲ್ಲಿ ನೀವಿನ್ನೂ 110ನೇ ಪುಟದಲ್ಲಿದ್ದೀರಿ. ಅಷ್ಟರಲ್ಲೇ 'ನಾಯಕಿ ಪಾತ್ರ ಸಪ್ಪೆ, ಲೇಖಕರಿಗೆ ಹೆಂಗಸರ ಮನಸ್ಸೇ ಗೊತ್ತಿಲ್ಲ, ಎರಡು ಸ್ಟಾರ್' ಅಂತ ಹಾಕಿಬಿಟ್ಟಿದ್ದೀರಿ. ಕೆಳಗೆ ನಾಲ್ಕೈದು ಜನ ವಾದಕ್ಕೆ ಬಂದರು. ಎಲ್ಲರಿಗೂ ಉತ್ತರ ಕೊಟ್ಟು, ಕೊನೆಗೆ 'ಮುಂದೆ ಓದಿ ಇನ್ನಷ್ಟು ಉದಾಹರಣೆ ತಂದು ತೋರಿಸುತ್ತೇನೆ' ಅಂದಿದ್ದೀರಿ. ಆ ಕೊನೆಯ ಸಾಲು ನೋಡಿಯೇ ನಾನು ಬರೆಯಲು ಕೂತಿದ್ದು. ಉಳಿದ 410 ಪುಟಗಳಲ್ಲಿ ನೀವು ಕಾದಂಬರಿ ಓದುವುದಿಲ್ಲ, ಸಾಕ್ಷಿ ಹುಡುಕುತ್ತೀರಿ.

ನಾನು ಹೀಗೆಯೇ ಮಾಡಿ ಒಂದು ಒಳ್ಳೆಯ ಕಾದಂಬರಿಯನ್ನು ಹಾಳು ಮಾಡಿಕೊಂಡಿದ್ದೇನೆ. ಕಾಲುಭಾಗ ಓದಿ 'ಈ ಅಜ್ಜನ ಪಾತ್ರ ಬರೀ ಸಿಡುಕು, ಬೇರೇನೂ ಇಲ್ಲ' ಅಂತ ಎಲ್ಲರೆದುರು ಹೇಳಿದ್ದೆ. ಮುಂದೆ ಅಜ್ಜ ಮೆತ್ತಗಾಗುವ ಪುಟಗಳು ಬಂದವು. ಅದನ್ನೂ 'ಲೇಖಕರು ತಪ್ಪು ಸರಿಮಾಡಲು ಹೊರಟಿದ್ದಾರೆ' ಅಂತಲೇ ಓದಿದೆ. ಬಹಳ ದಿನ ಬಿಟ್ಟು ಮತ್ತೆ ತೆಗೆದಾಗ ಕಂಡಿತು: ಅಜ್ಜ ಯಾಕೆ ಸಿಡುಕುತ್ತಾನೆ ಅನ್ನುವುದು ಮೊದಲ ಅಧ್ಯಾಯದ ಒಂದು ಸಣ್ಣ ಮಾತಿನಲ್ಲೇ ಇತ್ತು.

ಇದು ನಿಮ್ಮದೋ ನನ್ನದೋ ಸ್ವಭಾವ ಮಾತ್ರ ಅಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಅಂದಾಜು ಮಾಡುವ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ತಮ್ಮ ಅಂದಾಜನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಕೆಲವರು ಅಳಿಸುವ ಹಲಗೆಯ ಮೇಲೆ ಬರೆದು ತಾವೇ ಅಳಿಸಿದರು. ಕೆಲವರು ಕಾಗದದ ಮೇಲೆ ಬರೆದು ಸಹಿ ಹಾಕಿದರು. ಆಮೇಲೆ ಉಳಿದವರೆಲ್ಲ ಬೇರೆ ಉತ್ತರ ಹೇಳಿದ್ದಾರೆ ಅಂತ ತೋರಿಸಿದಾಗ, ಮನಸ್ಸಿನಲ್ಲಿಟ್ಟುಕೊಂಡವರು ಬೇಗ ಬದಲಾದರು. ಸಹಿ ಹಾಕಿದವರು ಪಟ್ಟು ಬಿಡಲಿಲ್ಲ. ಬರೆದು ಅಳಿಸಿದವರು ಇವರ ನಡುವೆ ಇದ್ದರು. ಅಲ್ಲಿ ಪಟ್ಟು ಹಿಡಿದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಗೆರೆಯನ್ನು ಅವರು ಪೂರ್ತಿ ನೋಡಿಯಾಗಿತ್ತು. ನಿಮ್ಮ ಕಣ್ಣ ಮುಂದೆ ಕಾದಂಬರಿ ಪೂರ್ತಿ ಇಲ್ಲವಲ್ಲ.

ಹಾಗಂತ ಓದಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ ಅಂತ ನಾನು ಹೇಳುತ್ತಿಲ್ಲ. ನಡುವೆ ಮಾತಾಡುವುದರಲ್ಲೇ ನಿಜವಾದ ಖುಷಿ ಇರುವುದು. ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕೆನ್ಸ್ ಅವರ ಕಾದಂಬರಿಗಳು ಕಂತುಗಳಲ್ಲಿ ಬರುತ್ತಿದ್ದ ಕಾಲದಲ್ಲಿ ಎಲ್ಲರೂ ನಡುವಿನ ಓದುಗರೇ. 1840-41ರಲ್ಲಿ ಒಂದು ಕಾದಂಬರಿ ಹೀಗೆ ಬರುತ್ತಿದ್ದಾಗ, ಅದರಲ್ಲಿನ ನೆಲ್ ಎಂಬ ಪುಟ್ಟ ಹುಡುಗಿಯನ್ನು ಸಾಯಿಸಬೇಡಿ ಅಂತ ಬೇಡಿಕೊಂಡು ಅವರಿಗೆ ರಾಶಿ ಪತ್ರ ಬಂದವು. ಆ ಪತ್ರಗಳಲ್ಲಿ ಏನಿತ್ತು ನೋಡಿ. ತೀರ್ಪು ಅಲ್ಲ, ಆತಂಕ. ಮುಂದೇನಾಗುತ್ತದೋ ಅನ್ನುವ ಆತಂಕ ಮುಗಿಸಿದ ಓದುಗನಿಗೆ ಮತ್ತೆ ಸಿಗುವುದಿಲ್ಲ. ಅರ್ಧದಲ್ಲಿರುವವರು ಹಂಚಿಕೊಳ್ಳಬೇಕಾದದ್ದು ಅದನ್ನೇ. ತೀರ್ಪನ್ನು ಮುಗಿಸಿದವರು ಹೇಗೂ ಕೊಡುತ್ತಾರೆ.

ಈಗ ನನ್ನ ಚೀಟಿ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪುಸ್ತಕ ಶುರು ಮಾಡುವಾಗಲೇ ಎರಡು ಬೆರಳಗಲದ ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊನೆಯ ರಟ್ಟಿನೊಳಗೆ ಇಟ್ಟುಕೊಳ್ಳಿ. ಓದು ನಿಲ್ಲಿಸಿದಾಗಲೆಲ್ಲ ಬರೆಯಬೇಕಾಗಿಲ್ಲ. ಏನೋ ಚುಚ್ಚಿದಾಗ, ಅನುಮಾನ ಬಂದಾಗ, ಇಷ್ಟವಾಗದೆ ಸಿಟ್ಟು ಬಂದಾಗ ಮಾತ್ರ ಒಂದು ಚೀಟಿ. ಮೇಲೆ ಅಧ್ಯಾಯ, ಕೆಳಗೆ ಎರಡು ಮೂರು ಸಾಲು, ಅಷ್ಟೇ. ಆ ಪುಟದಲ್ಲೇ ಇಟ್ಟು ಮುಂದೆ ಹೋಗಿ. ಚೀಟಿಯ ಮೇಲೆ ಜಾಗ ಕಡಿಮೆ ಇರುವುದೇ ಅನುಕೂಲ. ತೀರ್ಪು ಬರೆಯಲು ಜಾಗ ಸಾಲುವುದಿಲ್ಲ, ಕಂಡದ್ದು ಬರೆಯಲು ಸಾಲುತ್ತದೆ.

ಒಂದು ಕಾದಂಬರಿಯಲ್ಲಿ ನಾನಿಟ್ಟಿದ್ದ ಚೀಟಿ ಹೀಗಿದೆ: 'ಅಧ್ಯಾಯ 7. ಅತ್ತಿಗೆ ಆ ಪತ್ರ ಓದಿದಳೋ ಇಲ್ಲವೋ ಹೇಳಿಲ್ಲ. ಬೇಕಂತಲೇ ಬಿಟ್ಟಿದ್ದಾರೆ. ಓದಿರಬೇಕು, ಇಲ್ಲದಿದ್ದರೆ ದೀಪ ಆರಿಸುತ್ತಿರಲಿಲ್ಲ.' ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು: 'ಅಧ್ಯಾಯ 19. ಪತ್ರ ಇನ್ನೂ ಒಡೆದಿಲ್ಲ! ಹಾಗಾದರೆ ದೀಪ ಯಾಕೆ ಆರಿಸಿದಳು?' ನೋಡಿ, ಎರಡನೆಯ ಚೀಟಿಗೆ ಜೀವ ಬಂದದ್ದು ಮೊದಲನೆಯದರಿಂದ. ಮೊದಲನೆಯದು ಇಲ್ಲದಿದ್ದರೆ ಆ ದೀಪವನ್ನೇ ನಾನು ಮರೆತಿರುತ್ತಿದ್ದೆ. ನನ್ನ ಊಹೆ ಪೂರ್ತಿ ತಲೆಕೆಳಗಾಯಿತು, ಆದರೆ ಕಾದಂಬರಿ ಹತ್ತಿರವಾಯಿತು. ಇದೇ ವಿಷಯವನ್ನು ನಾನು 7ನೇ ಅಧ್ಯಾಯದಲ್ಲಿ 'ಲೇಖಕರು ಮುಖ್ಯ ವಿಷಯ ಹೇಳಲು ಮರೆತಿದ್ದಾರೆ' ಅಂತ ಬರೆದು ಹಾಕಿದ್ದರೆ? 19ರಲ್ಲಿ ಅದನ್ನೇ ಸಮರ್ಥಿಸಿಕೊಳ್ಳುತ್ತಾ ಕೂತಿರುತ್ತಿದ್ದೆ.

ಒಂದು ಮುಖ್ಯ ಮಾತು. ಚೀಟಿ ಬರೆಯುವಾಗ ಪುಸ್ತಕ ಮುಚ್ಚಿ ಬರೆಯಿರಿ. ಸಾಲು ನೋಡಿ ನಕಲು ಮಾಡಿದರೆ ಓದಿದೆ ಅನ್ನುವ ಸಮಾಧಾನ ಸಿಗುತ್ತದೆ, ತಲೆಯಲ್ಲಿ ಉಳಿಯುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಒಂದು ಗುಂಪು ಪಾಠವನ್ನು ಮತ್ತೊಮ್ಮೆ ಓದಿತು. ಇನ್ನೊಂದು ಗುಂಪು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಹೋದರು. ದಪ್ಪ ಕಾದಂಬರಿ ಓದುವವರಿಗೆ ಬೇಕಾದದ್ದು ವಾರದ ನೆನಪು, ಅಲ್ವಾ? ಹೆಸರು, ಸಂಬಂಧ ತಪ್ಪಿದರೆ ಆಮೇಲೆ ತಿದ್ದಿಕೊಳ್ಳಬಹುದು.

ಪೆನ್ಸಿಲ್ ಬಳಸಿ. ಚೀಟಿಯನ್ನು ಪುಸ್ತಕದ ಮೇಲಿಟ್ಟು ಬಾಲ್‌ಪೆನ್ ಒತ್ತಿದರೆ ರಟ್ಟಿನ ಮೇಲೆ ಅಚ್ಚು ಬೀಳುತ್ತದೆ. ಜೆಲ್ ಪೆನ್ ಒಣಗುವ ಮೊದಲೇ ಪುಸ್ತಕ ಮುಚ್ಚಿದರೆ ಎದುರಿನ ಪುಟಕ್ಕೆ ಹತ್ತುತ್ತದೆ. ನನಗೆ ಸ್ಟೆಡ್‌ಲರ್ 2ಬಿ ಹಿಡಿಸಿದೆ, ಕೈಗೆ ಭಾರ ಬೀಳದೆ ಕಪ್ಪಾಗಿ ಮೂಡುತ್ತದೆ. ಎಚ್‌ಬಿ ಕೂಡ ಸಾಕು. 4ಬಿ ಮೇಲೆ ಹೋಗಬೇಡಿ, ಸೀಸ ತೀರಾ ಮೆತ್ತಗಿರುವುದರಿಂದ ಮಸಿ ಬೆರಳಿಗೆ ಹತ್ತಿ ಪುಟ ಕೊಳೆಯಾಗುತ್ತದೆ. ಹೈಲೈಟರ್ ಹಿಡಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೆಳು ಕಾಗದದಲ್ಲಿ ಬಣ್ಣ ಹಿಂದಕ್ಕೆ ಇಳಿಯುತ್ತದೆ. ಅದಕ್ಕಿಂತ ಜಾಸ್ತಿ, ಎರಡನೇ ಸಲ ಓದುವಾಗ ಕಣ್ಣು ಆ ಬಣ್ಣದ ಸಾಲಿಗೇ ಓಡುತ್ತದೆ, ಉಳಿದ ಪುಟ ಕಾಣುವುದೇ ಇಲ್ಲ. ಇನ್ನು ಲೈಬ್ರರಿ ಪುಸ್ತಕದಲ್ಲಿ ಗೆರೆ ಎಳೆಯುವವರಿಗೆ ಒಂದು ಮಾತು. ಅದು ನಿಮ್ಮ ಪುಸ್ತಕ ಅಲ್ಲ. ದಯವಿಟ್ಟು ಮಾಡಬೇಡಿ.

ಅಂಟಿಸಿ ಕೀಳಬಹುದಾದ ಪೋಸ್ಟ್-ಇಟ್ ಚೀಟಿ ಬಳಸಬಹುದಲ್ಲ ಅಂತ ಕೇಳುತ್ತೀರಿ. ಅದು ಹುಟ್ಟಿದ್ದೇ ಪುಸ್ತಕದ ಗುರುತಿನ ಚೀಟಿಯಿಂದ ಅನ್ನುವುದು ನಿಜ. 3ಎಂ ಕಂಪನಿಯ ಆರ್ಟ್ ಫ್ರೈ ಚರ್ಚ್ ಗಾಯನಮಂಡಳಿಯಲ್ಲಿ ಹಾಡುತ್ತಿದ್ದರು. ಹಾಡಿನ ಪುಸ್ತಕದಲ್ಲಿಟ್ಟ ಚೀಟಿಗಳು ಜಾರಿ ಬೀಳುತ್ತಿದ್ದವು. ಅದೇ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದಿದ್ದ, ಗಟ್ಟಿಯಾಗಿ ಹಿಡಿಯದ ಅಂಟನ್ನು ಅದಕ್ಕೆ ಬಳಸಬಹುದು ಅಂತ 1974ರಲ್ಲಿ ಅವರಿಗೆ ಹೊಳೆಯಿತು. ಓದುತ್ತಿರುವಷ್ಟು ದಿನಕ್ಕೆ ಅದು ಒಳ್ಳೆಯ ಸಾಧನ. ವರ್ಷಗಟ್ಟಲೆ ಬಿಟ್ಟರೆ ಮಾತ್ರ ಅಂಟಿನ ಪದರ ಕಾಗದದ ಮೇಲೆ ಉಳಿದು ಧೂಳು ಹಿಡಿಯುತ್ತದೆ. ಹಳೆಯ, ಪುಡಿಪುಡಿಯಾಗುವ ಪುಟಕ್ಕಂತೂ ಬೇಡವೇ ಬೇಡ. ಕೀಳುವಾಗ ಅಕ್ಷರವೇ ಎದ್ದು ಬರುತ್ತದೆ. ಸಾದಾ ಕಾಗದದ ಪಟ್ಟಿ ಜಾರುತ್ತದೆ ಅನ್ನುವವರು ಅದನ್ನು ಪುಟದ ಬೆನ್ನಿನ ಕಡೆಗೆ ಪೂರ್ತಿ ಒಳಗೆ ತಳ್ಳಿ, ನಿಲ್ಲುತ್ತದೆ.

ಕಿಂಡಲ್ ಎಂಬ ಇ-ಪುಸ್ತಕ ಸಾಧನದಲ್ಲಿ ಓದುವವರಿಗೆ ಚೀಟಿ ಬೇಡ, ಅಲ್ಲೇ ಟಿಪ್ಪಣಿ ಬರೆಯಬಹುದು, ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ಗುರುತು ಹಾಕುವುದು ಅಲ್ಲಿ ಎಷ್ಟು ಸುಲಭ ಅಂದರೆ, ನೂರಾರು ಸಾಲು ಬಣ್ಣ ಬಳಿದು ಒಂದೂ ಮಾತು ಬರೆಯದೆ ಮುಗಿಸುತ್ತೇವೆ. ಬಣ್ಣ ಹಾಕಿದರೆ ಜೊತೆಗೆ ಒಂದು ಸಾಲಾದರೂ ಬರೆಯಿರಿ. ಬರೆಯಲು ಏನೂ ಇಲ್ಲದಿದ್ದರೆ ಬಣ್ಣವೂ ಬೇಡ. ಕೇಳುವ ಪುಸ್ತಕ ಆದರೆ ನಿಲ್ಲಿಸಿ, ಅಧ್ಯಾಯ ಮತ್ತು ನಿಮಿಷ ಬರೆದುಕೊಳ್ಳಿ. ಹೆಸರುಗಳ ಕಾಗುಣಿತ ಗೊತ್ತಿರುವುದಿಲ್ಲ, ಹಂಚಿಕೊಳ್ಳುವ ಮೊದಲು ನೋಡಿಕೊಳ್ಳಿ.

ಈಗ ಹಂಚಿಕೊಳ್ಳುವ ವಿಷಯ. ಚೀಟಿಗಳನ್ನೆಲ್ಲ ಒಟ್ಟಿಗೆ ಸುರಿಯಬೇಡಿ. ಒಂದನ್ನು ಆರಿಸಿ, ಅದರ ಸುತ್ತ ನಾಲ್ಕು ಮಾತು ಬರೆಯಿರಿ. ಮೊದಲ ಸಾಲಿನಲ್ಲೇ ಎಲ್ಲಿದ್ದೀರಿ ಅಂತ ಹೇಳಿ. ಪುಟ ಸಂಖ್ಯೆ ಬೇಡ, ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ಕಿಂಡಲ್‌ನ ಶೇಕಡಾ ಲೆಕ್ಕವೂ ಬೇರೆ. ಅಧ್ಯಾಯ ಹೇಳಿ. ಅಧ್ಯಾಯವೇ ಇಲ್ಲದ ಪುಸ್ತಕವಾದರೆ ಒಂದು ಘಟನೆ ಹೇಳಿ: 'ಅಣ್ಣ ಊರಿಗೆ ವಾಪಸ್ ಬಂದ, ಅಲ್ಲಿದ್ದೇನೆ' ಅಂದರೆ ಓದಿದವರಿಗೆ ಸಾಕು. ಆದರೆ ಆ ಘಟನೆ ದೊಡ್ಡದಾಗಿರಬಾರದು. ಯಾರ ಸಾವು, ಯಾರ ಮದುವೆ ಅನ್ನುವುದನ್ನು ಮೈಲಿಗಲ್ಲು ಮಾಡಿಕೊಂಡು ಹೇಳಿದರೆ ಹಿಂದೆ ಇರುವವರ ಓದು ಕೆಟ್ಟಿತು.

ಮುಗಿಸಿದವರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. 'ಸರ್, ಮುಂದೆ ಓದಿ, ಆಮೇಲೆ ನಿಮಗೇ ಗೊತ್ತಾಗುತ್ತೆ' ಅಂತ ಕೆಳಗೆ ಮೂರು ಜನ ಬರೆದಿದ್ದಾರೆ. ಏನೂ ಹೇಳಿಲ್ಲ ಅಂತ ಅವರಿಗೆ ಅನಿಸಿರಬಹುದು. ಆದರೆ ನಾಯಕಿ ಬದಲಾಗುತ್ತಾಳೆ ಅನ್ನುವುದನ್ನು ಅವರು ಹೇಳಿಯೇಬಿಟ್ಟರು. ಇನ್ನು ಪ್ರತಿ ಪುಟದಲ್ಲೂ ಓದುಗ ಅದನ್ನೇ ಕಾಯುತ್ತಾನೆ. ಅರ್ಧದಲ್ಲಿರುವವರಿಗೆ ಉತ್ತರ ಕೊಡುವಾಗ ಅವರು ಓದಿದ ಭಾಗದೊಳಗೇ ನಿಂತು ಮಾತಾಡಿ. 'ಆ ಅಡುಗೆಮನೆಯ ಮಾತುಕತೆಯಲ್ಲಿ ಅವಳು ಸುಮ್ಮನಿದ್ದದ್ದು ನಿಮಗೆ ಏನನಿಸಿತು?' ಅಂತ ಕೇಳಿ. ಹಿಂದಿನ ಪುಟಕ್ಕೆ ಕಳಿಸಿ, ಮುಂದಿನ ಪುಟಕ್ಕೆ ಅಲ್ಲ. 2011ರಲ್ಲಿ ಲೀವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಮಾಡಿದ ಒಂದು ಅಧ್ಯಯನವನ್ನು ಕೆಲವರು ಇಂಥ ಜಾಗದಲ್ಲಿ ಎತ್ತುತ್ತಾರೆ, ಕೊನೆ ಮೊದಲೇ ಗೊತ್ತಿದ್ದರೂ ಓದುಗರು ಕಥೆಯನ್ನು ಜಾಸ್ತಿ ಇಷ್ಟಪಟ್ಟರು ಅಂತ. ಸರಿ, ಆದರೆ ಅವರು ಕೊಟ್ಟಿದ್ದು ಸಣ್ಣ ಕಥೆಗಳನ್ನು. ವಾರಗಟ್ಟಲೆ ಜೊತೆಗಿಟ್ಟುಕೊಂಡು ಓದುವ ದೊಡ್ಡ ಕಾದಂಬರಿಗೆ ನಾನಂತೂ ಅದನ್ನು ಒಪ್ಪುವುದಿಲ್ಲ. ಕೊನೆ ಕೇಳಬೇಕು ಅನ್ನುವವರು ಕೇಳಿಕೊಳ್ಳಲಿ. ಕೇಳದವರಿಗೆ ಹೇಳಬೇಡಿ.

ಪುಟಪೂರ್ತಿ ಫೋಟೊ ತೆಗೆದು ಹಾಕುವುದನ್ನೂ ನಿಲ್ಲಿಸಿ. ಒಂದೆರಡು ಸಾಲು ಎತ್ತಿ ಬರೆದರೆ ಚರ್ಚೆಗೆ ಸಾಕು. ಸಾಲುಸಾಲಾಗಿ ಹತ್ತು ಪುಟ ಹಾಕಿದರೆ ಅದು ಲೇಖಕರಿಗೂ ಪ್ರಕಾಶಕರಿಗೂ ಮಾಡುವ ಅನ್ಯಾಯ.

ಕಾದಂಬರಿ ಅಲ್ಲದ ಪುಸ್ತಕಕ್ಕೆ ಲೆಕ್ಕ ಬೇರೆ. ಅಲ್ಲಿ ಪ್ರತಿ ಅಧ್ಯಾಯದ ವಾದವನ್ನು ಅಲ್ಲಲ್ಲೇ ಒಪ್ಪಬಹುದು, ತೆಗೆದುಹಾಕಬಹುದು. ಆದರೆ ಲೇಖಕರು ಏನು ಹೇಳಿದ್ದಾರೆ ಅನ್ನುವುದನ್ನು ಅವರೇ ಹೌದೆನ್ನುವ ಹಾಗೆ ಮೊದಲು ಬರೆಯಿರಿ, ಆಮೇಲೆ ನಿಮ್ಮ ತಕರಾರು. ಜೊತೆಗೆ ಪರಿವಿಡಿಯನ್ನೊಮ್ಮೆ ನೋಡಿ. ನಿಮ್ಮ ಪ್ರಶ್ನೆಗೆ ಒಂಬತ್ತನೇ ಅಧ್ಯಾಯದಲ್ಲಿ ಉತ್ತರ ಇಟ್ಟಿರುತ್ತಾರೆ. ಕವಿತೆಗೆ ಮಾತ್ರ ನನ್ನ ಚೀಟಿ ಅಷ್ಟು ಕೆಲಸ ಮಾಡುವುದಿಲ್ಲ. ಕೈಯಿಂದ ಒಮ್ಮೆ ಬರೆದು, ಜೋರಾಗಿ ಓದಿ, ಎಲ್ಲಿ ಉಸಿರು ನಿಂತಿತು ಅಂತ ಹಂಚಿಕೊಂಡರೆ ಅರ್ಥ ವಿವರಿಸುವುದಕ್ಕಿಂತ ಎಷ್ಟೋ ಮೇಲು.

ಎರಡು ಮೂರು ಪುಸ್ತಕ ಒಟ್ಟಿಗೆ ಓದುವವರು ಒಂದೇ ಬಗೆಯವನ್ನು ಜೊತೆಗೆ ಇಟ್ಟುಕೊಳ್ಳಬೇಡಿ. ಎರಡು ಕುಟುಂಬದ ಕಥೆ ಒಟ್ಟಿಗೆ ಓದಿದರೆ ಇಲ್ಲಿನ ಚಿಕ್ಕಪ್ಪ ಅಲ್ಲಿಗೆ ಹೋಗಿಬಿಡುತ್ತಾನೆ.

ನಡುವೆ ಬಿಟ್ಟ ಪುಸ್ತಕದ ಬಗ್ಗೆಯೂ ಧೈರ್ಯವಾಗಿ ಬರೆಯಿರಿ. ಎಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಹೇಳಿದರೆ ಇನ್ನೊಬ್ಬರಿಗೆ ಉಪಯೋಗ. ಸ್ಟಾರ್ ಮಾತ್ರ ಕೊಡಬೇಡಿ. ಓದುಗರು ಪುಸ್ತಕಗಳಿಗೆ ಅಭಿಪ್ರಾಯ ಹಾಕುವ ಗುಡ್‌ರೀಡ್ಸ್ ಜಾಲತಾಣ ಮುಗಿಸದ ಪುಸ್ತಕಕ್ಕೂ ಸ್ಟಾರ್ ಹಾಕಲು ಬಿಡುತ್ತದೆ ಅನ್ನುವುದು ಬೇರೆ ಮಾತು. ಆ ಎರಡು ಸ್ಟಾರ್ ನೋಡುವವರಿಗೆ ನೀವು 110 ಪುಟ ಮಾತ್ರ ಓದಿದ್ದೀರಿ ಅಂತ ಹೇಗೆ ತಿಳಿಯಬೇಕು?

ನಿಮ್ಮ ಬರಹವನ್ನು ಅಳಿಸಬೇಡಿ ಸರ್. ನಾಯಕಿ ಮದುವೆಮನೆಯಲ್ಲಿ ಯಾರಿಗೂ ಎದುರು ಮಾತಾಡದ್ದು ನಿಮಗೆ ಕಿರಿಕಿರಿ ಮಾಡಿದೆ ಅಂತ ಬರೆದಿದ್ದೀರಲ್ಲ, ಆ ಸಾಲು ನಿಜವಾದದ್ದು. ಅದನ್ನು ಉಳಿಸಿಕೊಳ್ಳಿ, ಮೇಲೆ 'ಮದುವೆಮನೆಯವರೆಗೆ ಓದಿದ್ದೇನೆ' ಅಂತ ಸೇರಿಸಿ, ಸ್ಟಾರ್ ತೆಗೆಯಿರಿ. ವಾದಕ್ಕೆ ಬಂದವರಿಗೆ ಮುಗಿಸಿದ ಮೇಲೆ ಉತ್ತರಿಸುತ್ತೇನೆ ಅಂತ ಒಂದು ಮಾತು ಹೇಳಿ ಬಿಡಿ. ಆ ಕಿರಿಕಿರಿಯನ್ನೇ ಒಂದು ಚೀಟಿಯಲ್ಲಿ ಬರೆದು ಆ ಪುಟದಲ್ಲಿಟ್ಟು ಮುಂದೆ ಓದಿ. ಕೊನೆಗೂ ನಿಮ್ಮ ಮಾತೇ ಸರಿ ಅಂತಾದರೆ ಖಂಡಿತ ಬರೆಯಿರಿ, ಆಗ ನಾನೂ ನಿಮ್ಮ ಪಕ್ಕ ನಿಲ್ಲುತ್ತೇನೆ.

ಇನ್ನೊಂದು ಮರೆತೆ. ನೀವು ಓದುತ್ತಿರುವುದು ಅನುವಾದ ಅನಿಸುತ್ತದೆ, ಮುಖಪುಟದಲ್ಲಿ ಕಂಡಿತು. ಅನುವಾದಕರ ಹೆಸರನ್ನು ಎಲ್ಲೂ ಹಾಕಿಲ್ಲ. ಹಾಕಿ. ಒಂದೇ ಕಾದಂಬರಿಗೆ ಎರಡು ಅನುವಾದ ಇರಬಹುದು, ನಾಯಕಿ ಸಪ್ಪೆ ಅನಿಸಿದ್ದು ಅವಳ ಮಾತುಗಳನ್ನು ಕನ್ನಡಕ್ಕೆ ತಂದ ರೀತಿಯಿಂದಲೂ ಆಗಿರಬಹುದು. ಯಾವ ಅನುವಾದ ಅಂತ ತಿಳಿಸಿದರೆ ಬೇರೆಯದನ್ನು ಓದಿದವರು ಅದೇ ಮದುವೆಮನೆಯ ಮಾತುಗಳು ಅವರಲ್ಲಿ ಹೇಗಿವೆ ಅಂತ ಹಾಕುತ್ತಾರೆ.