ಆ ಲೆಕ್ಕದ ಪುಸ್ತಕವನ್ನು ಕೋಚ್ ಕೈಗೆ ಕೊಟ್ಟುಬಿಡಿ

ಈ ಸಲದ ಪತ್ರ ಓದಿ ಮೊದಲು ಪಾಪ ಅನ್ನಿಸಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಪತ್ರ ಬರೆದ ತಾಯಿಯ ಮೇಲಲ್ಲ. ಯಾರ ಮೇಲೆ ಅನ್ನೋದನ್ನ ಮುಂದೆ ಹೇಳುತ್ತೇನೆ.

ವಿಷಯ ಇಷ್ಟು. ಮಗಳಿಗೆ 12 ವರ್ಷ. ಫಿಗರ್ ಸ್ಕೇಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಾಳೆ. ಕಳೆದ ಸೀಸನ್‌ನಲ್ಲಿ ಪದಕ ಬಂದಿತ್ತು, ಡಬಲ್ ಆಕ್ಸೆಲ್ ಅನ್ನೋ ಕಷ್ಟದ ಜಂಪ್ ಕೈಗೆ ಹತ್ತಿತ್ತು. ಈ ಸೀಸನ್‌ನಲ್ಲಿ ಒಂದು ಸ್ಪರ್ಧೆಯಲ್ಲಿ 4ನೇ ಸ್ಥಾನ, ಮುಂದಿನದರಲ್ಲಿ 14, ಅದರ ಮುಂದೆ 6, ಈಗ ಮತ್ತೆ 13. ಒಂದು ವಾರ ಜಂಪ್ ಸಲೀಸಾಗಿ ಬರುತ್ತದೆ, ಮರುವಾರ ಮಾಯ. ಕೋಚ್ ಕೇಳಿದರೆ "ಬೆಳೀತಿದ್ದಾಳೆ, ಸ್ವಲ್ಪ ತಾಳಿ" ಅಂತಾರೆ. ಗಂಡನಿಗೆ ಇದರ ಚಿಂತೆಯೇ ಇಲ್ಲ, ಮಗಳನ್ನು ರಿಂಕ್‌ಗೆ ಬಿಡೋಕೆ ಹೋದರೂ ಮೂಲೆಯಲ್ಲಿ ಕೂತು ಪೇಪರ್ ಓದುತ್ತಾರೆ, ಐಸ್ ಕಡೆ ಕತ್ತೆತ್ತಿಯೂ ನೋಡಲ್ಲ ಅಂತ ಒಂದು ಪ್ಯಾರಾ ಪೂರ್ತಿ ದೂರು. ಪಕ್ಕದಲ್ಲಿ ಕೂರುವ ಗೆಳತಿ, ಅವರ ಮಗಳೂ ಅದೇ ರಿಂಕ್‌ನಲ್ಲಿ ಕಲಿಯುತ್ತಾಳೆ, ಕೋಚ್ ಬದಲಾಯಿಸಿ ಅಂತ ಹೇಳುತ್ತಿದ್ದಾರೆ. ಜೊತೆಗೆ "ಒಂಚೂರು ತೂಕ ಇಳಿದ್ರೆ ಜಂಪ್ ತಾನಾಗೇ ವಾಪಸ್ ಬರುತ್ತೆ" ಅಂತಲೂ ಹೇಳಿದ್ದಾರೆ. ಈ ತಾಯಿಯ ಪ್ರಶ್ನೆ: ಮಗಳಿಗೆ ಬೆಂಬಲ ಕೊಡೋದು ಹೇಗೆ, ಕೋಚ್ ಬದಲಿಸಬೇಕಾ?

ಕೋಚ್ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಬೇಡ. ಸೀಸನ್ ಮಧ್ಯೆಯಂತೂ ಬೇಡವೇ ಬೇಡ.

ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಪತ್ರದ ಎರಡನೇ ಪುಟದಲ್ಲಿ, ಯಾವುದೋ ಮಾತಿನ ನಡುವೆ, ನೀವು ಹೀಗೆ ಬರೆದಿದ್ದೀರಿ: "ಪ್ರತಿ ಪ್ರಾಕ್ಟೀಸ್‌ನಲ್ಲೂ ಎಷ್ಟು ಜಂಪ್ ಆಯ್ತು, ಎಷ್ಟು ಸಲ ಬಿದ್ದಳು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ಅದು ಬಿಡಿ, ಅವಳಿಗೂ ಅದು ಇಷ್ಟ, ಬೂಟಿನ ಲೇಸ್ ಬಿಚ್ಚೋ ಮೊದಲೇ ಇವತ್ತು ಎಷ್ಟಮ್ಮ ಅಂತ ಕೇಳ್ತಾಳೆ."

ಅದು ಬಿಡಿ ಅಂದಿರಲ್ಲ, ನಾನು ಬಿಡೋದಿಲ್ಲ.

ಆ ಮಗು ಐಸ್‌ನಿಂದ ಆಚೆ ಬಂದಿದೆ. ಉಸಿರು ಇನ್ನೂ ಹಿಡಿತಕ್ಕೆ ಬಂದಿಲ್ಲ. ಬ್ಲೇಡ್ ಮೇಲಿನ ನೀರು ಒರೆಸಿಲ್ಲ, ಗಾರ್ಡ್ ಹಾಕಿಲ್ಲ, ಕೈಗವಸಿನ ತುಂಬಾ ಬಿದ್ದ ಐಸಿನ ಪುಡಿ. ಆಗಲೇ ಅಮ್ಮನ ಮಡಿಲಲ್ಲಿರುವ ಪುಸ್ತಕದ ಕಡೆ ನೋಡಿ ಕೇಳುತ್ತದೆ, ಎಷ್ಟು ಅಂತ. ನೀವು ಇದನ್ನ ಇಷ್ಟ ಅಂತ ಓದಿದಿರಿ. ನನಗೆ ಅದು ತೀರ್ಪು ಕೇಳುವ ಅವಸರ ಅನ್ನಿಸಿತು. ತಾನು ಇವತ್ತು ಹೇಗೆ ಆಡಿದೆ ಅಂತ ತನ್ನ ಮೈಯನ್ನೇ ಕೇಳಬೇಕಾದ ಹುಡುಗಿ ಪುಸ್ತಕವನ್ನ ಕೇಳುತ್ತಿದ್ದಾಳೆ.

ಇನ್ನೊಂದು ಸಾಲನ್ನೂ ನೀವು ಗಂಡನ ಮೇಲಿನ ದೂರಿನ ಒಳಗೆ ಅಡಗಿಸಿಟ್ಟಿದ್ದೀರಿ. ನಿಮಗೆ ಜ್ವರ ಬಂದ ವಾರ ಮಗಳನ್ನು ಅವರೇ ಕರೆದುಕೊಂಡು ಹೋಗಿದ್ದರು, ಆ ವಾರ ಅವಳು "ಅದೃಷ್ಟಕ್ಕೆ" ಚೆನ್ನಾಗಿ ಮಾಡಿದಳಂತೆ, ಹಾಗಂತ ಕೋಚ್ ಹೇಳಿದರಂತೆ, ಆದರೆ ಗಂಡ ಒಂದು ಜಂಪ್ ಕೂಡ ಎಣಿಸಿರಲಿಲ್ಲ ಅಂತ ನಿಮಗೆ ಬೇಜಾರು. ಒಂದು ವಾರದಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ, ಒಪ್ಪುತ್ತೇನೆ. ಆದರೂ ಪೇಪರ್ ಓದುವ ಆ ಮನುಷ್ಯನ ಮೇಲೆ ನನಗೆ ತುಂಬಾ ಅಭಿಮಾನ ಬಂದುಬಿಟ್ಟಿದೆ. ಅಷ್ಟು ಜನ ಅಪ್ಪ ಅಮ್ಮಂದಿರು ಮೈಯೆಲ್ಲಾ ಕಣ್ಣಾಗಿ ಕೂತಿರುವ ಜಾಗದಲ್ಲಿ, ಅಲ್ಲೇ ಇದ್ದೂ ಅಳೆಯದೆ ಇರುವ ಒಬ್ಬ ದೊಡ್ಡವರು ಸಿಗೋದು ಸಣ್ಣ ಮಾತಲ್ಲ.

ಪುಸ್ತಕಕ್ಕೆ ವಾಪಸ್ ಬರೋಣ. ಅದು ಮಗಳ ಮನಸ್ಸಿಗೆ ಭಾರ ಅನ್ನೋದು ಒಂದು ಕಡೆ ಇರಲಿ, ಲೆಕ್ಕದ ಪುಸ್ತಕವಾಗಿಯೂ ಅದು ತಪ್ಪೇ. ಯಾಕೆ ಅಂದರೆ, ಆಕ್ಸೆಲ್ ಒಂದೇ ಮುಂದಕ್ಕೆ ಮುಖ ಮಾಡಿ ಹಾರುವ ಜಂಪ್. ಇಳಿಯೋದು ಮಾತ್ರ ಉಳಿದವುಗಳ ಹಾಗೆ ಹಿಂದಕ್ಕೆ. ಅದಕ್ಕೇ ಡಬಲ್ ಆಕ್ಸೆಲ್‌ನಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ಹಾಕಬೇಕು, ಅದಕ್ಕೆ ಸಿಗೋದು ಸುಮಾರು ಅರ್ಧ ಸೆಕೆಂಡ್. ಈಗ ನೀವು ದೂರದಿಂದ ಏನು ನೋಡುತ್ತೀರಿ? ನಿಂತಳಾ, ಬಿದ್ದಳಾ, ಅಷ್ಟೇ. ತೀರ್ಪುಗಾರರ ಮೇಜಿನಲ್ಲಿ ಕೂತ ಟೆಕ್ನಿಕಲ್ ಪ್ಯಾನೆಲ್ ನೋಡೋದು ಸುತ್ತು ಪೂರ್ತಿ ಆಯ್ತಾ ಅಂತ. ಈಚಿನ ವರ್ಷಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಡಬಲ್ ಆಕ್ಸೆಲ್‌ನ ಮೂಲ ಅಂಕ 3.30. ಕಾಲು ಸುತ್ತಿಗಿಂತ ಜಾಸ್ತಿ ಕಮ್ಮಿಯಾದರೆ ಅದರ ಶೇಕಡಾ 80, ಅಂದರೆ 2.64. ಅರ್ಧ ಸುತ್ತು ಕಮ್ಮಿಯಾಯಿತೋ, ಅದನ್ನ ಸಿಂಗಲ್ ಆಕ್ಸೆಲ್ ಅಂತಲೇ ಎಣಿಸುತ್ತಾರೆ, 1.10. ಇದರ ಮೇಲೆ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಬೇರೆ ತಕ್ಕಡಿ, ಬಿದ್ದರೆ ಅಂಕ ಕಳೆಯೋದು ಇನ್ನೂ ಬೇರೆ.

ಅಂದರೆ ಎರಡು ಕಾಲೂರಿ, ಸುತ್ತು ಅರ್ಧಕ್ಕೇ ಬಿಟ್ಟು, ಹೇಗೋ ನಿಂತುಕೊಂಡ ಜಂಪ್‌ಗೆ ನಿಮ್ಮ ಪುಸ್ತಕದಲ್ಲಿ ಟಿಕ್ ಮಾರ್ಕ್. ಎರಡೂವರೆ ಸುತ್ತು ಪೂರ್ತಿ ತಿರುಗಿ, ಇಳಿಯುವಾಗ ಬ್ಲೇಡಿನ ಅಂಚು ಜಾರಿ ದಢಾರ್ ಅಂತ ಬಿದ್ದ ಜಂಪ್‌ಗೆ ಅಡ್ಡಗೀಟು. ಕಲಿಯುವ ಹಂತದಲ್ಲಿ ಬಹಳಷ್ಟು ಕೋಚ್‌ಗಳಿಗೆ ಬೇಕಾಗಿರೋದು ಆ ಎರಡನೇದೇ. ಮೊದಲನೇದು ಕೆಟ್ಟ ಚಾಳಿ, ಒಮ್ಮೆ ಮೈಗೆ ಹತ್ತಿದರೆ ಬಿಡಿಸೋದು ಕಷ್ಟ. ಬೀಳಬಾರದು ಅಂತ ಮಗಳು ಭುಜ ಬೇಗ ಬಿಚ್ಚೋಕೆ ಶುರು ಮಾಡಿದರೆ, ಸುತ್ತು ಮುಗಿಯೋ ಮೊದಲೇ ಕೈ ಅಗಲಿಸಿದರೆ, ನಿಮ್ಮ ಪುಸ್ತಕದ ಪ್ರಕಾರ ಪ್ರಗತಿ ಆಗುತ್ತಿರುತ್ತದೆ! ಸ್ಪರ್ಧೆಯ ದಿನ ಮಾತ್ರ ಅಂಕ ಬಂದಾಗ ಇಬ್ಬರಿಗೂ ಅರ್ಥವಾಗಲ್ಲ, ಪ್ರಾಕ್ಟೀಸ್‌ನಲ್ಲಿ ಆಗುತ್ತಿತ್ತಲ್ಲ ಅಂತ.

ಸ್ಥಾನಗಳು 4, 14, 6, 13 ಅಂತ ಕುಣಿಯೋದಕ್ಕೂ ಅರ್ಧ ಕಾರಣ ಇಲ್ಲೇ ಇದೆ. ಕಾಲು ಸುತ್ತಿನ ಆಚೀಚೆಯಲ್ಲಿ ಅಂಕ ಜಾರಿಹೋಗುವ ಆಟ ಇದು. ಆ ವಯಸ್ಸಿನ ವಿಭಾಗದಲ್ಲಿ ಹುಡುಗಿಯರ ನಡುವಿನ ಅಂತರವೇ ಒಂದೆರಡು ಜಂಪ್‌ನಷ್ಟು ಇರಬಹುದು. ಬರೀ ಸ್ಥಾನ ನೋಡಿದರೆ ಯಾರು ಬಂದಿದ್ದರು ಅನ್ನೋದು ಗೊತ್ತಾಗುತ್ತದೆ, ಮಗಳು ಏನು ಮಾಡಿದಳು ಅನ್ನೋದು ಗೊತ್ತಾಗಲ್ಲ.

ಇನ್ನು ಕೋಚ್ ಹೇಳಿದ "ಬೆಳೀತಿದ್ದಾಳೆ" ಅನ್ನೋ ಮಾತು. ನೀವು ಅದನ್ನ ಜಾರಿಕೊಳ್ಳುವ ಮಾತು ಅಂದುಕೊಂಡಿದ್ದೀರಿ. ಒಂದೇ ವರ್ಷದಲ್ಲಿ 7 ಸೆಂಟಿಮೀಟರ್ ಎತ್ತರ ಆಗಿದ್ದಾಳೆ, ಬೂಟಿನ ಅಳತೆ ಬದಲಾಗಿದೆ ಅಂತ ನೀವೇ ಬರೆದಿದ್ದೀರಲ್ಲ? ಹುಡುಗಿಯರಲ್ಲಿ ಎತ್ತರ ಜೋರಾಗಿ ಏರೋದು ಸಾಮಾನ್ಯವಾಗಿ ಇದೇ 11-12ರ ಆಸುಪಾಸಿನಲ್ಲಿ, ಹುಡುಗರಲ್ಲಿ ಸುಮಾರು ಎರಡು ವರ್ಷ ತಡವಾಗಿ. ಕೈಕಾಲು ಉದ್ದವಾದಷ್ಟೂ ಮೈಯನ್ನು ಸುತ್ತಿಸೋಕೆ ಜಾಸ್ತಿ ಬಲ ಬೇಕು. ಎಲುಬು ಮೊದಲು ಬೆಳೆಯುತ್ತದೆ, ಸ್ನಾಯುವಿನ ಶಕ್ತಿ ಹಿಂದಿನಿಂದ ನಿಧಾನಕ್ಕೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಕಳೆದ ವರ್ಷದ ಮೈಗೆ ಗೊತ್ತಿದ್ದ ಜಂಪನ್ನ ಈ ವರ್ಷದ ಮೈ ಹೊಸದಾಗಿ ಕಲಿಯಬೇಕು, ಅದೂ ಇನ್ನೂ ಪಳಗದ ಗಡುಸು ಬೂಟಿನಲ್ಲಿ. ಬ್ಲೇಡ್ ಸಾಣೆ ಹಿಡಿಸಿದ ಮರುದಿನ ಕೂಡ ಕಾಲಿಗೆ ಐಸ್ ಬೇರೆ ಥರ ಸಿಗುತ್ತದೆ, ಸ್ಕೇಟ್ ಮಾಡುವ ಯಾರನ್ನಾದರೂ ಕೇಳಿ.

ಈಗ ನನ್ನ ಸಿಟ್ಟಿನ ಪಾಲು. ಅದು ಪೂರ್ತಿ ನಿಮ್ಮ ಗೆಳತಿಗೆ.

ತೂಕದ ಮಾತನ್ನ ಆಕೆ ಆಡಿದ್ದು ಎಲ್ಲಿ? ರಿಂಕ್ ಪಕ್ಕದ ಬೆಂಚಿನಲ್ಲಿ, ಮಗಳು ನೀರು ಕುಡಿಯೋಕೆ ಬಂದಾಗ. ಅದೂ ನಿಮ್ಮದೇ ಪತ್ರದಲ್ಲಿದೆ, "ಅವಳಿಗೆ ಕೇಳಿಸಿಲ್ಲ ಅನ್ಸುತ್ತೆ" ಅಂತ. ಕೇಳಿಸಿರುತ್ತದೆ. 12 ವರ್ಷದ ಹುಡುಗಿಗೆ ತನ್ನ ಮೈ ಬಗ್ಗೆ ಆಡಿದ ಮಾತು ಇಡೀ ರಿಂಕ್‌ನ ಸಂಗೀತದ ನಡುವೆಯೂ ಕೇಳಿಸುತ್ತದೆ. ಬೆಳೆಯುವ ಮೈಗೆ ಈಗ ಬೇಕಾಗಿರೋದು ಜಾಸ್ತಿ ಊಟ. ಆಟಕ್ಕೆ ಬೇಕಾದಷ್ಟು ಮೈಗೆ ಹಾಕದೆ ಹೋದರೆ ಎಲುಬು ಸೊರಗುತ್ತದೆ, ಸಣ್ಣ ಬಿರುಕು ಬೀಳುತ್ತದೆ, ಮುಟ್ಟು ತಡವಾಗುತ್ತದೆ ಇಲ್ಲವೇ ನಿಂತುಹೋಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದೆ. ಪ್ರತಿ ಜಂಪ್ ಇಳಿದಾಗಲೂ ಒಂದೇ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುವ ಆಟದಲ್ಲಿ ಹಸಿದ ಎಲುಬು ಇಟ್ಟುಕೊಂಡು ಏನು ಮಾಡುತ್ತೀರಿ? ಆ ಗೆಳತಿಯ ಪಕ್ಕ ಕೂರೋದನ್ನ ನಿಲ್ಲಿಸಿ. ಕಾರಣ ಹೇಳಬೇಕಾಗಿಲ್ಲ. ಹೇಳಿದರೂ ನನಗೇನೂ ಬೇಜಾರಿಲ್ಲ.

ಮಗಳು ತಟ್ಟೆಯಲ್ಲಿ ಬಿಡೋಕೆ ಶುರು ಮಾಡಿದರೆ, ಮುಟ್ಟು ಏರುಪೇರಾದರೆ, ಹಿಮ್ಮಡಿಯಲ್ಲೋ ಮಂಡಿಯಲ್ಲೋ ಬೆನ್ನಿನಲ್ಲೋ ನೋವು ರಜೆಯ ದಿನವೂ ಹೋಗದಿದ್ದರೆ, ಕೋಚ್‌ನ ಕೇಳುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ನಿದ್ದೆ ಕೂಡ. ಹೌದು, ಈ ಅಂಕಣದಲ್ಲಿ ನಾನು ಪ್ರತಿ ಸಲ ನಿದ್ದೆಗೇ ಬರುತ್ತೇನೆ ಅಂತ ನಗುವವರಿದ್ದಾರೆ, ನಗಲಿ. ನಸುಕಿನ ಪ್ರಾಕ್ಟೀಸ್ ಮತ್ತು ರಾತ್ರಿಯ ಹೋಂವರ್ಕ್ ನಡುವೆ ಈ ಹುಡುಗಿಗೆ ಆರೂವರೆ ಗಂಟೆ ನಿದ್ದೆ ಆಗುತ್ತಿದೆ ಅಂತ ನಿಮ್ಮ ದಿನಚರಿ ನೋಡಿದರೆ ಗೊತ್ತಾಗುತ್ತದೆ. ಆ ವಯಸ್ಸಿಗೆ ಕನಿಷ್ಠ ಒಂಬತ್ತು ಗಂಟೆ ಬೇಕು. ವಾರಕ್ಕೆ ಒಂದು ನಸುಕಿನ ಪ್ರಾಕ್ಟೀಸ್ ಬಿಟ್ಟರೆ ಆಕಾಶ ಬೀಳಲ್ಲ.

ಆತುರ ಯಾಕೆ ಅಂತಲೂ ಕೇಳಬೇಕು. "ಈ ವರ್ಷ ಕೈ ತಪ್ಪಿದರೆ ಮುಗೀತು" ಅಂತ ಬರೆದಿದ್ದೀರಿ. ಯಾರು ಹೇಳಿದರು? ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರಲ್ಲಿ ಸೀನಿಯರ್ ಸ್ಪರ್ಧೆಗಳ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸುವ ತೀರ್ಮಾನ ಮಾಡಿತು. ಅದು ಹಂತ ಹಂತವಾಗಿ ಜಾರಿಗೆ ಬಂದು 2024-25ರ ಸೀಸನ್‌ನಿಂದ 17 ಆಗಿದೆ. ನಿಮ್ಮ ಮಗಳಿಗೆ ಅಲ್ಲಿಗೆ ಐದು ವರ್ಷ ಇದೆ. ಏರಿಳಿತ ಮೇಲಿನ ಮಟ್ಟದಲ್ಲೂ ಹೀಗೇ ಇರುತ್ತದೆ. ಅಮೆರಿಕದ ಸ್ಕೇಟರ್ ನೇಥನ್ ಚೆನ್‌ಗೆ 2018ರ ಒಲಿಂಪಿಕ್ಸ್‌ನಲ್ಲಿ, ಸ್ಪರ್ಧೆಯ ಮೊದಲ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ, 17ನೇ ಸ್ಥಾನ. ಮರುದಿನ ಎರಡನೇ ಭಾಗವಾದ ಫ್ರೀ ಸ್ಕೇಟ್‌ನಲ್ಲಿ ಎಲ್ಲರಿಗಿಂತ ಮೇಲೆ. ಒಟ್ಟಾರೆ ಐದನೇದು, ಮುಂದಿನ ತಿಂಗಳೇ ವಿಶ್ವ ಚಾಂಪಿಯನ್. ಒಂದು ದಿನದ ಅಂತರದಲ್ಲಿ ಅವರ ಸಾಮರ್ಥ್ಯ ಬದಲಾಗಿರಲಿಲ್ಲ ಅಲ್ವಾ? ಅಮೆರಿಕದವರೇ ಆದ ಅಲೀಸಾ ಲಿಯು 2022ರಲ್ಲಿ, 16ನೇ ವಯಸ್ಸಿಗೇ, ಸಾಕು ಅಂತ ಆಟ ಬಿಟ್ಟರು. ಎರಡು ವರ್ಷ ಬಿಟ್ಟು, ತಮಗೆ ಬೇಕು ಅನ್ನಿಸಿದಾಗ ವಾಪಸ್ ಬಂದು 2025ರಲ್ಲಿ ವಿಶ್ವ ಚಾಂಪಿಯನ್ ಆದರು.

ನಿಮ್ಮ ಮಗಳು ಚಾಂಪಿಯನ್ ಆಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನ ಮಕ್ಕಳು ಆಗಲ್ಲ, ಆಗದೇ ಹೋದರೂ ಚೆನ್ನಾಗೇ ಇರುತ್ತಾರೆ.

ನೀವು ಮಾಡಬೇಕಾದ್ದು ಒಂದೇ. ನಾಳೆ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ ಕೋಚ್ ಕೈಗೆ ಕೊಡಿ. ಮಗಳ ಎದುರಿಗೇ ಕೊಡಿ. "ಇದು ನಿಮ್ಮ ಕೆಲಸ, ನಾನು ಸುಮ್ನೆ ಮಾಡ್ತಿದ್ದೆ" ಅನ್ನಿ. ಮೊಬೈಲ್‌ನಲ್ಲಿ ಇನ್ನೊಂದು ಪಟ್ಟಿ ಶುರು ಮಾಡೋ ಹಾಗಿಲ್ಲ, ಮನಸ್ಸಿನಲ್ಲಿ ಎಣಿಸೋ ಹಾಗೂ ಇಲ್ಲ. ಅದಕ್ಕೇ ಒಂದು ಪೇಪರ್ ತೆಗೆದುಕೊಂಡು ಹೋಗಿ, ಓದೋಕೆ ನಿಮ್ಮ ಮನೆಯಲ್ಲೇ ಅನುಭವಸ್ಥರಿದ್ದಾರೆ. ಮೊದಮೊದಲು ಮಗಳು ಅಭ್ಯಾಸ ಬಲದಿಂದ "ಇವತ್ತು ಎಷ್ಟಮ್ಮ" ಅಂತ ಕೇಳಿಯೇ ಕೇಳುತ್ತಾಳೆ. ಆಗ "ನಾನು ನೋಡಲಿಲ್ಲ ಕಣೆ, ಹೇಗಿತ್ತು ನಿಂಗೆ?" ಅನ್ನಿ. ಅವಳು "ಗೊತ್ತಿಲ್ಲ" ಅಂದರೆ ಅಲ್ಲಿಗೇ ಬಿಡಿ. ದಾರಿಯಲ್ಲಿ ಅದನ್ನ ಕೆದಕಬೇಡಿ. ಗಂಡನ ಮೇಲಿನ ಆ ದೂರಿನ ಪ್ಯಾರಾ ಇದೆಯಲ್ಲ, ಅದನ್ನೂ ವಾಪಸ್ ತಗೊಳ್ಳಿ.

ಮುಂದಿನ ಸ್ಪರ್ಧೆಯಲ್ಲಿ ಡಬಲ್ ಆಕ್ಸೆಲ್ ಇಡಬೇಕಾ, ಸದ್ಯಕ್ಕೆ ಸಿಂಗಲ್ ಮಾಡಿ ಸ್ಪಿನ್ ಮತ್ತು ಹೆಜ್ಜೆಗಳಲ್ಲಿ ಅಂಕ ಹುಡುಕಬೇಕಾ ಅನ್ನೋದು ಮಗಳು ಮತ್ತು ಕೋಚ್ ಕೂತು ಮಾತಾಡುವ ವಿಷಯ. ಸಿಂಗಲ್ ಮಾಡಿದರೆ ನಾಚಿಕೆ ಪಡೋದೇನೂ ಇಲ್ಲ. ಅರ್ಧ ಸುತ್ತು ಕಮ್ಮಿಯಾದ ಅಡ್ಡಾದಿಡ್ಡಿ ಡಬಲ್‌ಗಿಂತ ಶುದ್ಧವಾದ ಸಿಂಗಲ್‌ಗೆ ಎಷ್ಟೋ ಸಲ ಜಾಸ್ತಿ ಅಂಕ ಸಿಗುತ್ತದೆ, ಮೇಲಿನ ಲೆಕ್ಕ ನೋಡಿದರೇ ಗೊತ್ತಾಗುತ್ತದೆ.

ಪತ್ರದ ಕೊನೆಗೆ, ಚಿಕ್ಕ ಮಗನನ್ನೂ ಈ ವರ್ಷ ಸ್ಕೇಟಿಂಗ್‌ಗೆ ಸೇರಿಸಲಾ ಅಂತ ಕೇಳಿದ್ದೀರಿ. ಅವನು ಕೇಳಿದ್ದಾನಾ? ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಕೇಳಿದ್ದರೆ ಸೇರಿಸಿ, ಬಾಡಿಗೆ ಬೂಟಿನಲ್ಲಿ, ಅಪ್ಪನ ಜೊತೆ ಕಳಿಸಿ.