ತಮ್ಮಾ, ಬಾನೆಟ್ ಅಂಚಿಗೆ ಮಷಿನ್ ಹಿಡಿಯುವ ಮುಂಚೆ ಇದನ್ನೊಮ್ಮೆ ಓದು

ತಮ್ಮಾ, ನಿನ್ನ ಫೋಟೋ ನೋಡಿ ಎದೆ ಧಸಕ್ ಅಂತು. ಕಪ್ಪು ಗಾಡಿ, ಮಧ್ಯಾಹ್ನದ ಬಿಸಿಲು, ರೋಟರಿ ಪಾಲಿಶ್ ಮಷಿನ್ನಿಗೆ ಉಲ್ಲನ್ ಪ್ಯಾಡ್, ಸ್ಪೀಡ್ ಡಯಲ್ 5ರಲ್ಲಿ, ಎಲ್ಲೂ ಟೇಪ್ ಇಲ್ಲ. ಅದರ ಮೇಲೆ "ಸ್ವರ್ಲ್ ಹೋಗ್ತಿಲ್ಲ, ಇನ್ನೂ ಒತ್ತಬೇಕಾ?" ಅಂತ ಕೇಳಿದ್ದೀಯ, ಅಂದರೆ ಬಣ್ಣದ ಮೇಲಿನ ಸುತ್ತು ಸುತ್ತು ಸಣ್ಣ ಗೀರುಗಳು ಹೋಗ್ತಿಲ್ಲ ಅಂತ. ಒತ್ತಬೇಡ. ಮೊದಲು ಪ್ಲಗ್ ಕೀಳು, ಆಮೇಲೆ ಓದು.

ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಕಾಕಾನ ಕೆಂಪು ಸ್ವಿಫ್ಟ್. ಅವರ ಮಗನ ಮದುವೆ, ಅದೇ ಗಾಡಿಯಲ್ಲಿ ಮದುಮಗನ ಮೆರವಣಿಗೆ. "ನಾನೇ ಪಾಲಿಶ್ ಮಾಡಿ ಕೊಡ್ತೀನಿ, ಅಂಗಡಿಗೆ ದುಡ್ಡು ಯಾಕೆ" ಅಂದೆ. ಮೇ ತಿಂಗಳು, ಕಲಬುರಗಿ ಬಿಸಿಲು, ಹೊರಗೆ 42-43 ಡಿಗ್ರಿ. ತಗಡು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಬಾನೆಟ್ ನಡುವೆ ಕನ್ನಡಿ ಹಾಗೆ ಹೊಳೀತು, ನನಗೆ ಹುರುಪು ಏರಿತು. ಅಂಚಿನ ಹತ್ತಿರ ಒಂದು ಗೀರು ಉಳಿದಿತ್ತು. ಅದೊಂದನ್ನ ತೆಗೆಯೋಣ ಅಂತ ಪ್ಯಾಡ್ ಸ್ವಲ್ಪ ಓರೆ ಮಾಡಿ ಒತ್ತಿದೆ. ಮೂರು ಸೆಕೆಂಡ್ ಇರಬಹುದು, ಅಷ್ಟೇ. ಸುಟ್ಟ ವಾಸನೆ ಬಂತು. ಪ್ಯಾಡ್ ಎತ್ತಿ ನೋಡಿದರೆ ಬಿಳಿ ಉಣ್ಣೆ ಕೆಂಪಾಗಿದೆ. ಅಂಚಿನ ಉದ್ದಕ್ಕೂ ಬೆರಳಗಲ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಪದರ, ಹಲ್ಲು ಕಿಸಿಯುತ್ತಿದೆ.

ಮೆರವಣಿಗೆಯಲ್ಲಿ ಅಲ್ಲಿಗೆ ದಪ್ಪನೆ ಚೆಂಡು ಹೂವಿನ ಹಾರ ಹಾಕಿ ಮುಚ್ಚಿದೆವು. ಆಮೇಲೆ ಬಾನೆಟ್ ಪೂರ್ತಿ ಬಣ್ಣ ಹೊಡೆಸಿದೆ. ಫೆಂಡರಿಗೂ ಅದಕ್ಕೂ ಇವತ್ತಿಗೂ ಶೇಡ್ ಮ್ಯಾಚ್ ಇಲ್ಲ. ಕಾಕು ಊಟಕ್ಕೆ ಬಡಿಸುವಾಗ ಈಗಲೂ ಅದನ್ನೇ ತೆಗೆಯುತ್ತಾರೆ.

ಯಾಕೆ ಹಾಗಾಯಿತು ಅಂದರೆ, ಕಂಪನಿ ಪೇಂಟ್ ಒಟ್ಟು ದಪ್ಪವೇ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, 35-50, ನೋಟ್‌ಬುಕ್ ಹಾಳೆಗಿಂತ ತೆಳು. ಅಂಚಿನಲ್ಲಿ, ಬಾಡಿ ಲೈನ್ (ತಗಡಿನ ಮಡಿಕೆ ಗೆರೆ) ಮೇಲೆ ಇನ್ನೂ ತೆಳು, ಯಾಕೆಂದರೆ ಹಸಿ ಪೇಂಟ್ ಚೂಪಾದ ಕಡೆಯಿಂದ ಸರಿದುಬಿಡುತ್ತದೆ. ನೀನು ಒತ್ತಿದ ಭಾರವೆಲ್ಲ ಆ ಸಣ್ಣ ಗೆರೆ ಮೇಲೆಯೇ ಬೀಳುತ್ತದೆ. ರೋಟರಿ ಓಲಾಡದೆ ಒಂದೇ ಅಚ್ಚಿನ ಮೇಲೆ ತಿರುಗುವುದರಿಂದ ಕಾವು ಅಲ್ಲೇ ಕೂರುತ್ತದೆ. ಸೇರಿಸಿ ನೋಡು.

ಅದಕ್ಕೇ ನನ್ನ ಹುಚ್ಚು ಟೇಪ್. ನಕ್ಕರೂ ಪರವಾಗಿಲ್ಲ. ಬಾನೆಟ್ ಅಂಚು, ಡೋರ್ ಅಂಚು, ಎಲ್ಲ ಬಾಡಿ ಲೈನ್, ಲೋಗೋ, ವೈಪರ್ ನಾಝಲ್, ಕಪ್ಪು ಪ್ಲಾಸ್ಟಿಕ್, ರಬ್ಬರ್ ಎಲ್ಲಕ್ಕೂ ಟೇಪ್. ಮಷಿನ್ ಕೆಲಸಕ್ಕಿಂತ ಟೇಪಿಗೇ ನನಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಪೇಂಟರ್‌ಗಳು ತರುವ ಆಟೋಮೋಟಿವ್ ಮಾಸ್ಕಿಂಗ್ ಟೇಪೇ ತಗೋ. ಸ್ಟೇಷನರಿ ಅಂಗಡಿಯದು ಬಿಸಿಗೆ ಅಂಟು ಬಿಡುತ್ತದೆ, ಆಮೇಲೆ ಅದನ್ನ ಕೆರೆಯುತ್ತಾ ಕೂರಬೇಕು. ಅಂಚಿನ ಮೇಲಿನ ಟೇಪ್ ಕೊನೆಗೆ ತೆಗೆದು, ಅಷ್ಟು ಜಾಗವನ್ನ ಕೈಯಲ್ಲೇ ಉಜ್ಜು. ಕೈಯಿಂದ ಹೋಗದ ಗೀರು ಅಲ್ಲೇ ಇರಲಿ ಬಿಡು.

ಇನ್ನೊಂದು, ಹಿಂಗೈ. ಎರಡು ಪಾಸ್ (ಆ ಜಾಗದ ಮೇಲೆ ಮಷಿನ್ ಒಮ್ಮೆ ಪೂರ್ತಿ ಓಡಿಸಿದರೆ ಒಂದು ಪಾಸ್) ಆದ ಮೇಲೆ ಮಷಿನ್ ನಿಲ್ಲಿಸಿ ಹಿಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲು ಆಗದಿದ್ದರೆ ಬೇರೆ ಪ್ಯಾನೆಲ್‌ಗೆ ಹೋಗು. ಬಂಪರ್‌ನಲ್ಲಿ ಇನ್ನೂ ಹುಷಾರು. ಅದು ಪ್ಲಾಸ್ಟಿಕ್, ಕಾವು ಹರಡುವುದಿಲ್ಲ, ತಗಡಿಗಿಂತ ಬೇಗ ಸುಡುತ್ತದೆ.

ನಮ್ಮ ಕಡೆ ಈ ಕೆಲಸಕ್ಕೆ ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಇಲ್ಲ ಸಂಜೆ ಮೇಲೆ ಶೆಡ್ಡಿನಲ್ಲಿ ಎಲ್‌ಇಡಿ ಹಿಡಿದು. ಬಿಸಿಲಲ್ಲಿ ಕಾಂಪೌಂಡ್, ಅಂದರೆ ಉಜ್ಜುವ ಪಾಲಿಶ್ ಪೇಸ್ಟ್, ಒಣಗಿ ಪುಡಿ ಆಗುತ್ತದೆ, ಆ ಒಣ ಪುಡಿಯೇ ಮತ್ತೆ ಗೀರುತ್ತದೆ. ನಿನ್ನ ಸ್ವರ್ಲ್ ಹೋಗದಿರಲು ಅರ್ಧ ಕಾರಣ ಇದೇ. ಉಳಿದ ಅರ್ಧ ಬಹುಶಃ ಹಾಲೋಗ್ರಾಮ್, ಅಂದರೆ ನಿನ್ನ ಉಲ್ಲನ್ ಪ್ಯಾಡೇ ಹೊಸದಾಗಿ ಹಾಕುತ್ತಿರುವ ಗೆರೆಗಳು. ಒತ್ತಿದಷ್ಟೂ ಹೆಚ್ಚುತ್ತವೆ.

ನನ್ನ ಮಾತು ಕೇಳುವುದಾದರೆ ಆ ರೋಟರಿ ಪಕ್ಕಕ್ಕಿಡು, ಒಂದು ಡಿಎ (ಡ್ಯುಯಲ್ ಆಕ್ಷನ್, ತಿರುಗುತ್ತಾ ಓಲಾಡುವ ಪಾಲಿಶ್ ಮಷಿನ್) ತಗೋ. ಓಲಾಟ 8 ಎಂಎಂ ಸಾಕು, 15 ಎಂಎಂ ಇದ್ದರೆ ಕೆಲಸ ಬೇಗ. ರೂಪೆಸ್ ಕಂಪನಿಯ ಬಿಗ್‌ಫುಟ್ ಬೆಣ್ಣೆ ಹಾಗೆ ಓಡುತ್ತದೆ, ಆದರೆ ವರ್ಷಕ್ಕೆ ಒಂದೇ ಗಾಡಿ ಮಾಡುವವನಿಗೆ ಅಷ್ಟು ದುಡ್ಡು ಸುಮ್ನೆ. ಡಿಎ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಓಡಿಸಬೇಡ, ಅಂಚಿನಲ್ಲಿ ನಿಲ್ಲಿಸಿದರೆ ಅದೂ ಸುಡುತ್ತದೆ. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆ. ಓಡುವಾಗ ಆ ಗೆರೆ ತಿರುಗುವುದು ನಿಂತರೆ ನೀನು ಜಾಸ್ತಿ ಒತ್ತುತ್ತಿದ್ದೀಯ ಅಂತ. ಮತ್ತೆ, ಆಂಗಲ್ ಗ್ರೈಂಡರಿಗೆ ವೆಲ್‌ಕ್ರೋ ಪ್ಲೇಟ್ ಸಿಕ್ಕಿಸಿ "ಇದೂ ಅದೇ ಅಣ್ಣಾ" ಅಂತ ಮಾರುವವರ ಹತ್ತಿರ ಹೋಗಲೇಬೇಡ. ಅದು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ಪಾಲಿಶಿಂಗ್ ರೋಟರಿಯನ್ನೇ ನಾವು ಸಾವಿರ, ಸಾವಿರದೈನೂರರಲ್ಲಿ ಓಡಿಸುತ್ತೇವೆ.

ಕಾಂಪೌಂಡ್ ವಿಷಯ. ಮೊದಲೇ ಹೆವಿ ಕಟ್, ಅಂದರೆ ಜಾಸ್ತಿ ಕೆರೆಯುವ ಪೇಸ್ಟ್, ಯಾಕೆ ಎತ್ತಿಕೊಂಡೆ? ಮೆಂಜರ್ನಾ 400 ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ನಯವಾದ ಮೆಗ್ವಾಯರ್ಸ್ 205 ಮತ್ತು ಮೆತ್ತನೆ ಫೋಮ್ ಪ್ಯಾಡ್‌ನಿಂದ ಶುರು ಮಾಡು. ಎರಡಡಿ ಚೌಕ, ನಾಲ್ಕು ಹನಿ, ನಿಧಾನ ಕೈ, ನಾಲ್ಕು ಪಾಸ್. ಒರೆಸಿ, ಐಪಿಎ (ಎಣ್ಣೆ ತೆಗೆಯುವ ಆಲ್ಕೋಹಾಲ್) ಹೊಡೆದು ನೋಡು, ಇಲ್ಲದಿದ್ದರೆ ಕಾಂಪೌಂಡಿನ ಎಣ್ಣೆ ಗೀರನ್ನ ಮುಚ್ಚಿ ಮೋಸ ಮಾಡುತ್ತದೆ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಪ್ಯಾಡ್ ಮೇಲೆ ಗಾಡಿ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸು. ಕ್ಲಿಯರ್ ಕೋಟ್ ಇಲ್ಲದ ಹಳೇ ಸಿಂಗಲ್ ಸ್ಟೇಜ್ ಪೇಂಟಾದರೆ ಬಣ್ಣ ಬರುವುದು ಸಹಜ, ನಿನ್ನದು ಅದಲ್ಲ.

ಕರೆಂಟಿನ ಮಾತು ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಟ್ರಿಗರ್ ಲಾಕ್ ಮಾಡಿ ಓಡಿಸುವಾಗ ಕರೆಂಟ್ ಹೋಯಿತು ಅಂದುಕೋ. ನೀನು ಮಷಿನ್ ಬಾನೆಟ್ ಮೇಲೇ ಇಟ್ಟು ಚಹಾಕ್ಕೆ ಹೋದೆ. ಕರೆಂಟ್ ಬಂದ ತಕ್ಷಣ ಅದು ತಾನೇ ಓಡಲು ಶುರು ಮಾಡುತ್ತದೆ. ಗಾಡಿಗೂ ಕೆಡುಕು, ಹತ್ತಿರ ಹುಡುಗರಿದ್ದರೆ ಅವರಿಗೂ. ಲಾಕ್ ಬಿಡಿಸು, ಪ್ಲಗ್ ಕೀಳು. ವೈರ್ ಹೆಗಲ ಮೇಲಿಂದ ಹಾಕಿಕೋ. ಕೊರಳಲ್ಲಿ ಟವಲ್ ಬೇಡ, ಉಂಗುರ, ಬೆಲ್ಟ್ ಬಕಲ್ ಬೇಡ. ತೊಳೆದ ನೀರು ನಿಂತ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮಷಿನ್ ಹಿಡಿಯಬೇಡ.

ಮತ್ತೆ ಆ ಸ್ವರ್ಲ್ ಎಲ್ಲಿಂದ ಬಂತು ಯೋಚಿಸಿದ್ದೀಯಾ? ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳು ಒರೆಸುತ್ತೀಯ, ಅಲ್ವಾ? ನೀನು ಸಿಮೆಂಟ್ ಫ್ಯಾಕ್ಟರಿ ಇರುವ ವಾಡಿ ಕಡೆ ಡ್ಯೂಟಿಗೆ ಹೋಗುವವನು. ಅದು ಬರೀ ಮಣ್ಣಲ್ಲ, ಸಿಮೆಂಟ್ ಪುಡಿ, ಕಲ್ಲಿನ ಪುಡಿ. ಮೊದಲು ಜೋರು ನೀರು, ಆಮೇಲೆ ಶಾಂಪೂ, ಆಮೇಲೆ ಕ್ಲೇ, ಅಂದರೆ ಅಂಟಿದ ಪುಡಿ ಎತ್ತುವ ಜೇಡಿಯಂಥ ಮುದ್ದೆ. ಕ್ಲೇ ಮಾಡದೆ ಮಷಿನ್ ಇಟ್ಟರೆ ಆ ಪುಡಿಯನ್ನೇ ಪ್ಯಾಡಿನಿಂದ ತಿಕ್ಕಿದಂತೆ. ಬೋರ್ ನೀರಾದರೆ ಒಣಗುವ ಮುಂಚೆ ಒರೆಸು, ಬಿಳಿ ಕಲೆ ಕೂತರೆ ಅದಕ್ಕೆ ಮತ್ತೆ ಪಾಲಿಶ್ ಬೇಕಾಗುತ್ತದೆ.

ನಿನ್ನ ಗಾಡಿ ಸೆಕೆಂಡ್ ಹ್ಯಾಂಡ್ ಅಂದಿದ್ದೀಯ. ಬಾನೆಟ್‌ಗೆ ಮೊದಲೇ ಯಾರೋ ಪಾಲಿಶ್ ಹೊಡೆದು ಸವೆಸಿರಬಹುದು, ಇಲ್ಲ ಹೊಸ ಪೇಂಟ್ ಹೊಡೆದಿರಬಹುದು. ನನ್ನ ಹತ್ತಿರ ಪೇಂಟ್ ಗೇಜ್ ಇದೆ. ಅದು ಒಟ್ಟು ದಪ್ಪ ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಬೇರೆಯಾಗಿ ಹೇಳಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಓಡುವುದೂ ಇಲ್ಲ. ಆದರೂ ಪಕ್ಕದ ಪ್ಯಾನೆಲ್‌ಗೂ ಬಾನೆಟ್‌ಗೂ ಎಷ್ಟು ಫರಕು ಅಂತ ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಜೇವರ್ಗಿ ರಸ್ತೆ ಕಡೆ ಬಾ, ಅಳೆದು ನೋಡೋಣ. ಅಲ್ಲಿಯ ತನಕ ಬಾನೆಟ್ ಮುಟ್ಟಬೇಡ.